ವಲಸೆ ಬಂದವರ ವಂಶಾವಳಿ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ಕದಂಬರಿಂದ ತೊಡಗಿ 1956ನೆಯ ಇಸವಿಯ ನವೆಂಬರ 1ಕ್ಕೆ ಬಂದು ನಿಲ್ಲುವರು. ಆ ದಾರಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಕುಳಿತಿರುವುದರಿಂದ, ನಾನು ಇಂದು ನಾಡಿನ ಇತಿಹಾಸವನ್ನು ಬಿಟ್ಟು ಮನೆಯ ಇತಿಹಾಸವನ್ನು ಕುರಿತು ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮಲ್ಲಿ ಎಷ್ಟು ಮಂದಿಗೆ ಅಜ್ಜನ ತಾಯಿಯ ಹೆಸರು ಗೊತ್ತಿದೆ? ಕೈ ಎತ್ತಿರೆಂದು ನಾನು ಕೇಳುವುದಿಲ್ಲ. ಮನಸ್ಸಿನಲ್ಲೇ ಒಮ್ಮೆ ಕೇಳಿಕೊಂಡರೆ ಸಾಕು.

ಈ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಡೊಂಬಿವಲಿಯಲ್ಲಿರುವ ನನ್ನ ಸ್ನೇಹಿತರೊಬ್ಬರ ಮಗಳು ಮದುವೆಯಾಗಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿದ್ದಾಳೆ. ಅವಳ ನೆರೆಮನೆಯವರು ಜರ್ಮನ್ ಮೂಲದವರು. ಅವರು ಒಂದು ದಿನ ತಮ್ಮ ವಂಶವೃಕ್ಷವನ್ನು ಮೇಜಿನ ಮೇಲೆ ಹಾಸಿ ತೋರಿಸಿದರಂತೆ. ಅದರಲ್ಲಿ ಒಂಬತ್ತು ತಲೆಮಾರುಗಳ ಹೆಸರಿದ್ದವು. ಹಡಗು ಹತ್ತಿದ ಪೂರ್ವಿಕನ ಹಳ್ಳಿಯ ಹೆಸರೂ ಇತ್ತು. ಆ ಬಳಿಕ ಅವರು ಸಹಜವಾಗಿ, “ನಿಮ್ಮವರು ಎಲ್ಲಿಂದ ಬಂದವರು?” ಎಂದು ವಿಚಾರಿಸಿದರು. ಹುಡುಗಿ ಡೊಂಬಿವಲಿ ಎಂದಳು. ಅದಕ್ಕೂ ಮೊದಲು? ಮಂಗಳೂರು ಕಡೆ. ಮಂಗಳೂರಲ್ಲಿ ಎಲ್ಲಿ? ಅಲ್ಲಿಗೆ ಮಾತು ನಿಂತುಹೋಯಿತು. ಆ ರಾತ್ರಿ ಅವಳು ತಂದೆಗೆ ದೂರವಾಣಿ ಮಾಡಿದಳು. ತಂದೆಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ.

ಆ ಜರ್ಮನರಿಗೆ ಇದು ಹೇಗೆ ಸಾಧ್ಯವಾಯಿತೆಂಬುದನ್ನು ಮೊದಲು ನೋಡೋಣ. ಪೆನ್ಸಿಲ್ವೇನಿಯಾ ಆಗ ಇಂಗ್ಲಿಷರ ವಸಾಹತು. ರೈನ್ ನದಿಯ ತೀರದ ಪಾಲಟಿನೇಟ್, ವ್ಯೂರ್ಟೆಂಬರ್ಗ್ ಮೊದಲಾದ ಸೀಮೆಗಳಿಂದ ಯುದ್ಧಕ್ಕೂ ಬಡತನಕ್ಕೂ ಬೇಸತ್ತ ರೈತರು ರಾಟರ್‌ಡ್ಯಾಮಿಗೆ ಇಳಿದು, ಅಲ್ಲಿಂದ ಹಡಗು ಹತ್ತಿ ಫಿಲಡೆಲ್ಫಿಯಾ ಬಂದರಕ್ಕೆ ಬರುತ್ತಿದ್ದರು. ಹಡಗಿನ ಬಾಡಿಗೆ ಕೊಡಲಾರದವರು ಇಳಿದ ಮೇಲೆ ವರ್ಷಗಟ್ಟಲೆ ಒಬ್ಬ ಯಜಮಾನನ ಕೈಕೆಳಗೆ ದುಡಿದು ಋಣ ತೀರಿಸಬೇಕಾಗಿತ್ತು. ಪರಭಾಷೆಯ ಜನ ಹೀಗೆ ಗುಂಪುಗುಂಪಾಗಿ ಬರುವುದನ್ನು ಕಂಡು ವಸಾಹತಿನ ಸರಕಾರಕ್ಕೆ ದಿಗಿಲಾಯಿತು. 1727ರಲ್ಲಿ ಒಂದು ಕಟ್ಟಳೆ ಮಾಡಿದರು: ಹಡಗಿನ ಯಜಮಾನನು ಬಂದವರ ಪಟ್ಟಿ ಕೊಡತಕ್ಕದ್ದು, ಹದಿನಾರು ವರ್ಷ ಮೀರಿದ ಗಂಡಸರೆಲ್ಲರೂ ಇಂಗ್ಲೆಂಡಿನ ದೊರೆಗೆ ನಿಷ್ಠರಾಗಿರುವೆವೆಂದು ರುಜು ಹಾಕತಕ್ಕದ್ದು. ಅಂದು ಅನುಮಾನದಿಂದ ಹುಟ್ಟಿದ ಆ ಪಟ್ಟಿಗಳು ಇಂದು ಅವರ ಮೊಮ್ಮಕ್ಕಳಿಗೆ ನಿಧಿಯಾಗಿವೆ. 1934ರಲ್ಲಿ ಅವು ಮೂರು ಸಂಪುಟಗಳಲ್ಲಿ ಅಚ್ಚಾದವು.

ಆದರೆ ಪಟ್ಟಿಯಿದ್ದ ಮಾತ್ರಕ್ಕೆ ಕೆಲಸ ಸುಲಭವಾಗಲಿಲ್ಲ. ಇಂಗ್ಲಿಷ್ ಗುಮಾಸ್ತನು ಕಿವಿಗೆ ಕೇಳಿದಂತೆ ಬರೆದುಕೊಂಡನು. ಮ್ಯೂಲರನು ಮಿಲರನಾದನು, ಸ್ಮಿಟ್ಟನು ಸ್ಮಿತನಾದನು. ತ್ಸಿಮ್ಮರ್‌ಮನ್ ಎಂದರೆ ಬಡಗಿ. ಅದರ ಅರ್ಥ ಹಿಡಿದು ಕೆಲವರು ಕಾರ್ಪೆಂಟರರೇ ಆಗಿಬಿಟ್ಟರು. ಇನ್ನೊಂದು ಕೊರತೆಯೆಂದರೆ, ರುಜು ಹಾಕಿದವರು ಗಂಡಸರು ಮಾತ್ರ. ಅದೇ ಹಡಗಿನಲ್ಲಿ ಅದೇ ಅಲೆಗಳನ್ನು ಉಂಡು ಬಂದ ಹೆಂಗಸರ, ಕೂಸುಗಳ ಹೆಸರು ಬಹುಮಟ್ಟಿಗೆ ಎಲ್ಲಿಯೂ ಇಲ್ಲ. ಆದುದರಿಂದ ಅಲ್ಲಿಯ ಶೋಧಕರು ಹೆಸರಿನ ಬೆನ್ನು ಹತ್ತದೆ ಊರಿನ ಬೆನ್ನು ಹತ್ತುವುದನ್ನು ಕಲಿತರು. ಪೂರ್ವಿಕನ ಹಳ್ಳಿ ಯಾವುದೆಂದು ತಿಳಿದರೆ ಆ ಹಳ್ಳಿಯ ಇಗರ್ಜಿಯ ಪುಸ್ತಕದಲ್ಲಿ ದೀಕ್ಷಾಸ್ನಾನ, ಮದುವೆ, ಮರಣಗಳೆಲ್ಲ ದೊರೆಯುತ್ತವೆ. ಹಳ್ಳಿ ತಿಳಿಯದಿದ್ದರೆ ಸಮುದ್ರದ ಈಚೆಯೇ ನಿಲ್ಲಬೇಕು.

ಈ ಇಗರ್ಜಿ ಪುಸ್ತಕದ ಪದ್ಧತಿ ನಮ್ಮ ಕರಾವಳಿಗೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳಲ್ಲಿ ಅನೇಕರು ಅದೇ ವ್ಯೂರ್ಟೆಂಬರ್ಗ್ ಸೀಮೆಯವರು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಅವರು ಕಟ್ಟಿದ ಸಭೆಗಳ ಕುಟುಂಬಗಳಿಗೂ, ಅವರಿಗಿಂತ ಬಹಳ ಹಿಂದಿನಿಂದ ಇರುವ ಕ್ಯಾಥೊಲಿಕ್ ಇಗರ್ಜಿಗಳ ಕುಟುಂಬಗಳಿಗೂ ಇಂಥ ಪುಸ್ತಕಗಳ ಆಸರೆಯುಂಟು. ಉಳಿದ ನಮಗೆ ಅದಿಲ್ಲ. ಬಂದರದ ಪಟ್ಟಿಯೂ ಇಲ್ಲ. ಮಂಗಳೂರು, ಮಲ್ಪೆಗಳಿಂದ ಮಂಜಿಯಲ್ಲಿಯೋ ಸ್ಟೀಮರಿನಲ್ಲಿಯೋ ಕುಳಿತು ಬಂದು ಮುಂಬಯಿಯ ಧಕ್ಕೆಯ ಮೇಲೆ ಇಳಿದ ಹುಡುಗನಿಂದ ಯಾರೂ ರುಜು ಹಾಕಿಸಿಕೊಳ್ಳಲಿಲ್ಲ. ಅವನು ಒಂದೇ ದೊರೆತನದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಂದವನು. ಹೆಗಲ ಮೇಲಿನ ಗಂಟನ್ನು ಎತ್ತಿಕೊಂಡು ಕೋಟೆಯ ಬೀದಿಯ ಹೋಟೆಲಿನ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕನು, ಅಷ್ಟೆ.

ಹಾಗಾದರೆ ಆ ಹುಡುಗನ ಹೆಸರು ಈ ನಗರದ ಕಾಗದದ ಮೇಲೆ ಮೊದಲು ಬಿದ್ದದ್ದು ಎಲ್ಲಿ? ಬಹುಮಂದಿಯ ವಿಷಯದಲ್ಲಿ ರಾತ್ರಿ ಶಾಲೆಯಲ್ಲಿ. ಹಗಲೆಲ್ಲ ಕಪ್ಪು ಬಸಿ ತೊಳೆದು ರಾತ್ರಿ ಪಾಠಕ್ಕೆ ಕುಳಿತ ನಮ್ಮ ಹಿರಿಯರ ಕಥೆ ನಿಮಗೆ ಗೊತ್ತಿದ್ದದ್ದೇ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ ಸ್ಥಾಪನೆಯಾದವು. ಇಂಥ ಸಂಘಗಳು ಬೆಳೆದ ಕಾಲವೇ ರಾತ್ರಿ ಶಾಲೆಗಳು ಬೆಳೆದ ಕಾಲ. ಶಾಲೆಯ ರಿಜಿಸ್ಟರಿನಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಖು ಬರೆಯುವರು. ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿ ಅದೇ ವಿವರ ಇಳಿಯುವುದು. ಫಿಲಡೆಲ್ಫಿಯಾದ ಪಟ್ಟಿ ಅವರಿಗೆ ಹೇಗೋ, ಈ ಸರ್ಟಿಫಿಕೇಟು ನಮಗೆ ಹಾಗೆ.

ನನ್ನ ಸ್ನೇಹಿತರೂ ಅಜ್ಜನ ಇಂಥ ಒಂದು ಸರ್ಟಿಫಿಕೇಟನ್ನೇ ಹಿಡಿದು ಹೊರಟರು. ಅದರಲ್ಲಿ ಅಜ್ಜನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಸಾಲಿಯಾನ್, ಹುಟ್ಟಿದ ಊರು ಉಚ್ಚಿಲ, ಜಿಲ್ಲೆ ದಕ್ಷಿಣ ಕನ್ನಡ ಎಂದು ಬರೆದಿತ್ತು. ಇಷ್ಟು ಸಾಕಲ್ಲವೆ ಎಂದುಕೊಂಡು ರೈಲು ಹತ್ತಿದರು. 1998ರಿಂದ ಕೊಂಕಣ ರೈಲು ಪೂರ್ತಿಯಾಗಿ ಓಡುತ್ತಿರುವುದರಿಂದ, ಅಜ್ಜ ಅಲೆಗಳ ಮೇಲೆ ತೂಗಾಡುತ್ತ ಕ್ರಮಿಸಿದ ದಾರಿಯನ್ನು ಮೊಮ್ಮಗ ಒಂದು ನಿದ್ದೆಯಲ್ಲಿ ಮುಗಿಸಿದರು. ಉಡುಪಿಯಲ್ಲಿಳಿದು, ಪಡುಬಿದ್ರಿಯ ಹತ್ತಿರದ ಉಚ್ಚಿಲಕ್ಕೆ ಹೋಗಿ, ಅಜ್ಜನ ತಂದೆಯ ಹೆಸರಿಗೆ ಸಾಲಿಯಾನ್ ಎಂದು ಸೇರಿಸಿ ಮನೆಮನೆ ವಿಚಾರಿಸಿದರು. ಸಾಲಿಯಾನರೇನೋ ಬೇಕಾದಷ್ಟು ಮಂದಿ ಸಿಕ್ಕಿದರು. ಆ ಸಾಲಿಯಾನನು ಸಿಕ್ಕಲಿಲ್ಲ. ಮೂರು ದಿನ ತಿರುಗಿ, ನೀರುದೋಸೆ ತಿಂದು, ಮರಳಿದರು.

ಈ ಗಂಟನ್ನು ಬಿಚ್ಚಿದವರು ಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದ ಒಬ್ಬ ಮುದುಕಿ. ಸ್ನೇಹಿತರ ಅಜ್ಜನ ಅಕ್ಕನ ಮಗಳು. ತೊಂಬತ್ತು ದಾಟಿದ್ದರೂ ನೆನಪು ನೆಟ್ಟಗಿತ್ತು. ಇವರು ಹೇಳಿದ್ದನ್ನೆಲ್ಲ ಕೇಳಿ ಅವರು ತುಳುವಿನಲ್ಲಿ ನಕ್ಕು ನುಡಿದರಂತೆ: “ಅಲ್ಲ ಮಗಾ, ನಿನ್ನ ಅಜ್ಜ ಸಾಲಿಯಾನ್ ಆದರೆ ಅವನ ಅಪ್ಪ ಸಾಲಿಯಾನ್ ಹೇಗಾದಾನು? ಗಂಡ ಹೆಂಡತಿ ಒಂದೇ ಬಳಿಯವರು ಆಗುವುದುಂಟೆ?”

ಕರಾವಳಿಯವರಲ್ಲದ ಕೇಳುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಳುನಾಡಿನ ಹಲವು ಸಮಾಜಗಳಲ್ಲಿ ಅಳಿಯಸಂತಾನದ ಕಟ್ಟು ನಡೆದುಬಂದಿತ್ತು. ಅದರಂತೆ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ತಾಯಿಯ ಬಳಿಯೇ ಮಕ್ಕಳ ಬಳಿ. ಒಂದೇ ಬಳಿಯವರು ಅಣ್ಣತಂಗಿಯರಿದ್ದಂತೆ. ಅವರೊಳಗೆ ಮದುವೆ ಕೂಡದು. ಸಾಲಿಯಾನ್, ಕೋಟ್ಯಾನ್, ಸುವರ್ಣ, ಬಂಗೇರ, ಕರ್ಕೇರ ಮೊದಲಾದವು ಹೀಗೆ ತಾಯಿಯಿಂದ ಮಕ್ಕಳಿಗೆ ಹರಿದ ಹೆಸರುಗಳು. ಮುಂಬಯಿಯ ಶಾಲೆಗಳಲ್ಲಿಯಾದರೋ ತನ್ನ ಹೆಸರು, ತಂದೆಯ ಹೆಸರು, ಆಡನಾಂವ ಎಂದು ಮೂರು ಮನೆಗಳಿದ್ದವು. ಊರಿನ ಹುಡುಗನು ಮೂರನೆಯ ಮನೆಯಲ್ಲಿ ತನ್ನ ಬಳಿಯನ್ನು, ಎಂದರೆ ತಾಯಿಯ ಬಳಿಯನ್ನು ತುಂಬಿದನು. ಮುಂದೆ ಅವನ ಮಕ್ಕಳು ಇಲ್ಲಿಯೇ ಹುಟ್ಟಿ ಶಾಲೆಗೆ ಹೋದಾಗ ಗುಮಾಸ್ತನು ತಂದೆಯ ಆಡನಾಂವವನ್ನೇ ಮಕ್ಕಳಿಗೂ ಬರೆದನು. ಅಲ್ಲಿಗೆ ಹೊಳೆಯ ಹರಿವು ತಿರುಗಿತು. ತಾಯಿಯಿಂದ ಬರುತ್ತಿದ್ದ ಹೆಸರು ಅಂದಿನಿಂದ ತಂದೆಯಿಂದ ಬರತೊಡಗಿತು. ಇದರಲ್ಲಿ ಗುಮಾಸ್ತನ ತಪ್ಪೇನೂ ಇಲ್ಲ, ಅವನಿಗೆ ಗೊತ್ತಿದ್ದದ್ದು ಅವನ ನಾಡಿನ ಪದ್ಧತಿ.

ಇದರಿಂದ ಒಂದು ವಿಚಿತ್ರ ಸಂಗತಿ ಹೊರಡುತ್ತದೆ. ಸಾಲಿಯಾನ್ ಎಂದು ಬಾಗಿಲ ಮೇಲೆ ಹಲಗೆ ಹಾಕಿಕೊಂಡಿರುವ ನನ್ನ ಸ್ನೇಹಿತರು ಹಳೆಯ ಕಟ್ಟಿನ ಪ್ರಕಾರ ಸಾಲಿಯಾನರೇ ಅಲ್ಲ, ತಮ್ಮ ತಾಯಿಯ ಬಳಿಯವರು. ರೇಶನ್ ಕಾರ್ಡಿನಲ್ಲಿ ಗಂಡನ ಹೆಸರನ್ನು ಹೊತ್ತ ಆ ಮುದುಕಿಯಾದರೋ ಅಪ್ಪಟ ಸಾಲಿಯಾನ್ ಬಳಿಯವರು. ತಾಯಿಯ ತಾಯಿ, ಅವಳ ತಾಯಿ ಎಂದು ಐದು ಹೆಸರುಗಳನ್ನು ಅವರು ಬೆರಳು ಮಡಿಸಿ ಹೇಳಿದರು.

ಅದಾದ ಮೇಲೆ ಅವರು ಇನ್ನೊಂದು ಮಾತು ಕೇಳಿದರು: “ನೀನು ಯಾವ ಉಚ್ಚಿಲಕ್ಕೆ ಹೋಗಿದ್ದಿ? ನಾವು ಚಿಕ್ಕವರಿದ್ದಾಗ ಮಂಗಳೂರಿನಿಂದ ಉಳ್ಳಾಲದ ಹೊಳೆಯನ್ನು ದೋಣಿಯಲ್ಲಿ ದಾಟಿ, ಸೋಮೇಶ್ವರದ ದೇವಸ್ಥಾನ ಕಳೆದು ನಡೆಯುತ್ತಿದ್ದೆವಲ್ಲ.” ಉಚ್ಚಿಲಗಳು ಎರಡು! ಒಂದು ಉಡುಪಿಯ ದಾರಿಯಲ್ಲಿ, ಮತ್ತೊಂದು ನೇತ್ರಾವತಿಯ ತೆಂಕಣಕ್ಕೆ. ಸರ್ಟಿಫಿಕೇಟಿನಲ್ಲಿ ತಾಲೂಕು ಬರೆದಿರಲಿಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಎರಡನ್ನೂ ಒಳಗೊಂಡಿತ್ತು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಈ ಸಲ ಸ್ನೇಹಿತರು ತಾಯಿಯ ಬಳಿಯ ಮನೆಯನ್ನು ಹುಡುಕಿದರು, ಸಿಕ್ಕಿತು. ಮನೆ ಹೊಸದು, ನಾಗಬನ ಹಳೆಯದು. ಅಲ್ಲಿಯ ಹಿರಿಯರೊಬ್ಬರು ಕಪಾಟಿನಿಂದ ಕುಟುಂಬದ ವಿಭಾಗಪತ್ರದ ನಕಲನ್ನು ತೆಗೆದು ಕೊಟ್ಟರು. 1949ರಲ್ಲಿ ಮದ್ರಾಸು ಸರಕಾರವು ಅಳಿಯಸಂತಾನ ಶಾಸನವನ್ನು ಮಾಡಿದ ಮೇಲೆ ಕುಟುಂಬದ ಆಸ್ತಿಯನ್ನು ಕವರು ಕವರಾಗಿ ಪಾಲು ಮಾಡಿಕೊಳ್ಳಲು ಹಾದಿಯಾಯಿತು. ಇಂಥ ಪತ್ರಗಳು ಆ ಕಾಲದಲ್ಲಿ ಬಹಳ ಹುಟ್ಟಿದವು. ಪಾಲು ಹಂಚಬೇಕಾದರೆ ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದವರೆಂದು ಮೂಲದಿಂದ ಬರೆಯಲೇಬೇಕು. ಪತ್ರದ ತಲೆಯಲ್ಲಿ ಒಬ್ಬಳು ಹೆಂಗಸಿನ ಹೆಸರು. ಅವಳ ಕೆಳಗೆ ಹೆಣ್ಣುಮಕ್ಕಳು, ಅವರ ಕೆಳಗೆ ಅವರ ಮಕ್ಕಳು. ನಾಲ್ಕನೆಯ ಸಾಲಿನಲ್ಲಿ ಅಜ್ಜನ ಹೆಸರು, ಎದುರಿಗೆ “ಮುಂಬಯಿಯಲ್ಲಿ ವಾಸ” ಎಂದು ಎರಡೇ ಪದ. ಫಿಲಡೆಲ್ಫಿಯಾದ ಗುಮಾಸ್ತನು ಬಿಟ್ಟುಬಿಟ್ಟ ಹೆಂಗಸರು ನಮ್ಮ ಕರಾವಳಿಯ ಕಾಗದದಲ್ಲಿ ಬುಡದಲ್ಲಿಯೇ ಕುಳಿತಿದ್ದಾರೆ. ಜರ್ಮನ್ ನೆರೆಮನೆಯವರಿಗೆ ಮಗಳು ಮೊದಲು ತೋರಿಸಿದ್ದು ಇದನ್ನೇ ಎಂದು ಕೇಳಿದ್ದೇನೆ.

ಇಂಥ ಪತ್ರ ಮನೆಯಲ್ಲಿ ಸಿಕ್ಕದಿದ್ದರೆ ಆ ಪ್ರದೇಶದ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಹುಡುಕಿಸಿ ನಕಲು ಪಡೆಯಬಹುದು. ಆಸ್ತಿಯೇ ಇಲ್ಲದ ಗೇಣಿ ಒಕ್ಕಲುಗಳ ಗತಿಯೇನೆಂದು ಕೇಳುವಿರಿ. 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಚಾಲಗೇಣಿದಾರರು ಕೊಟ್ಟ ಡಿಕ್ಲರೇಶನ್ನುಗಳನ್ನು ನೋಡಬೇಕು. ನ್ಯಾಯಮಂಡಳಿಯ ಮುಂದೆ ಎಷ್ಟು ತಲೆಮಾರಿನಿಂದ ಈ ಗದ್ದೆ ಮಾಡುತ್ತಿದ್ದೇವೆಂದು ಒಕ್ಕಲಿಗರು ಕೊಟ್ಟ ಹೇಳಿಕೆಗಳಲ್ಲಿ ಬಡವರ ವಂಶಾವಳಿ ಅಡಗಿದೆ. ಜನನ ಮರಣದ ರಿಜಿಸ್ಟರನ್ನು ಮಾತ್ರ ಬಹಳ ನಂಬಬೇಡಿರಿ. ಹಳೆಯ ಪುಸ್ತಕಗಳಲ್ಲಿ ಎಷ್ಟೋ ಕಡೆ ತಂದೆಯ ಹೆಸರು ಬರೆದು “ಗಂಡು” ಅಥವಾ “ಹೆಣ್ಣು” ಎಂದಷ್ಟೇ ಇರುತ್ತದೆ, ಕೂಸಿಗೆ ಆಗಿನ್ನೂ ಹೆಸರಿಟ್ಟಿರುವುದಿಲ್ಲ. ನಾಗಮೂಲವನ್ನು ಅಷ್ಟಮಂಗಲ ಪ್ರಶ್ನೆಯಿಂದ ತಿಳಿಯಬಹುದೆಂದು ಕೆಲವರು ಹೇಳುತ್ತಾರೆ. ಅವರವರ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ, ಆದರೆ ಜ್ಯೋತಿಷಿಯ ಬಳಿ ಹೋಗುವ ಮುಂಚೆ ಅಜ್ಜಿಯ ಬಳಿ ಹೋಗಿರಿ. ಖರ್ಚು ಕಡಿಮೆ.

ಇನ್ನು ಉತ್ತರ ಕರ್ನಾಟಕದ ಬಂಧುಗಳು. ನಿಮ್ಮ ಹಿರಿಯರು ಹಡಗಿನಲ್ಲಿ ಬಂದವರಲ್ಲ, ರೈಲಿನಲ್ಲಿ ಬಂದವರು. ಹುಬ್ಬಳ್ಳಿ, ಬೆಳಗಾವಿಗಳಿಂದ ಮೀರಜ ಪುಣೆಗಳ ಮೇಲೆ, ವಿಜಾಪುರದಿಂದ ಹೋಟಗಿ ಸೊಲ್ಲಾಪುರಗಳ ಮೇಲೆ. ಎರಡು ದಾರಿಗಳೂ ಕೂಡಿ ಕಲ್ಯಾಣದ ಮೂಲಕ ಹಾದುಹೋಗುತ್ತವೆ. ಕಲ್ಯಾಣಕ್ಕೆ ರೈಲು ಬಂದದ್ದು 1854ರಲ್ಲಿ. ನಿಮ್ಮ ಕಾಗದಪತ್ರಗಳ ಭಾಷೆಯೇ ಬೇರೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಣುವುದು. ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮರ ಸೀಮೆ, ಅಲ್ಲಿ ಉರ್ದು. ಉತಾರ ಒಂದನ್ನು ಕೈಯಲ್ಲಿ ಹಿಡಿದು ಓದಲಾರದೆ ಕುಳಿತವರನ್ನು ನಾನು ಕಂಡಿದ್ದೇನೆ. ಮೋಡಿ ಬಲ್ಲವರು ಠಾಣೆ ಪುಣೆಗಳಲ್ಲಿ ಇನ್ನೂ ಇದ್ದಾರೆ. ಮರಾಠಿ ನೆರೆಯವರ ನಡುವೆ ಬಾಳುವ ನಮಗೆ ಇದೊಂದು ಲಾಭವೆಂದೇ ತಿಳಿಯಬೇಕು.

ಆದರೆ ಕಾಗದಕ್ಕಿಂತ ದೊಡ್ಡ ಆಸ್ತಿ ನಿಮಗೆ ಒಂದಿದೆ, ಅದು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಸುಗ್ಗಿ ಮುಗಿದ ಹೊತ್ತಿಗೆ ಊರಿಗೆ ಬರುತ್ತಿದ್ದ ಹೆಳವನನ್ನು ಇಲ್ಲಿಯ ಹಿರಿಯರು ನೆನೆಯಬಹುದು. ಅವನು ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ವಂಶವನ್ನು ಒಪ್ಪಿಸುವನು. ಮನೆತನ ಯಾವ ಊರಿನಿಂದ ಯಾವ ಊರಿಗೆ ಏಕೆ ಎದ್ದು ಬಂತು ಎಂಬುದನ್ನೂ ಹೇಳುವನು. ಹಿಂದೆ ಓಲೆಗರಿ, ಈಗ ಕಾಗದದ ಪುಸ್ತಕ. ಇಂಥಿಂಥ ಮನೆತನಗಳು ಇಂಥ ಹೆಳವರ ಪಾಲಿಗೆ ಎಂದು ಹಂಚಿಕೆಯಿದ್ದು, ಕಾಳು, ಬಟ್ಟೆ, ಹಣಗಳನ್ನು ಕಾಣಿಕೆಯಾಗಿ ಪಡೆಯುವರು. ಬಂದಾಗಲೆಲ್ಲ ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುವರು. ಈ ಕಡೆಯ ಮಾತೇ ನಮಗೆ ಮುಖ್ಯ. ಹೆಳವ ಬಂದ ದಿನ ಡೊಂಬಿವಲಿಯಲ್ಲಿದ್ದ ತಮ್ಮನ ಮಕ್ಕಳ ಹೆಸರನ್ನು ಊರಲ್ಲಿರುವ ಅಣ್ಣ ಹೇಳದೆ ಹೋದರೆ ಆ ಕೊಂಬೆ ಅಲ್ಲಿಗೆ ಮುರಿದಂತೆ. ನಮ್ಮ ಎಷ್ಟೋ ಕೊಂಬೆಗಳು ಹೀಗೆ ಮುರಿದಿವೆ. ಊರಿಗೆ ಒಂದು ಪತ್ರ ಬರೆದು ಮಕ್ಕಳು ಮೊಮ್ಮಕ್ಕಳ ಹೆಸರನ್ನು ತಿಳಿಸಿಡಿ. ಹೆಳವರ ಪುಸ್ತಕವೂ ಸಾಮಾನ್ಯವಾಗಿ ಗಂಡುಸಂತತಿಯನ್ನೇ ಹಿಡಿದು ನಡೆಯುವುದರಿಂದ ಹೆಣ್ಣುಮಕ್ಕಳ ಹೆಸರನ್ನು ಒತ್ತಾಯ ಮಾಡಿ ಬರೆಯಿಸಬೇಕು.

ನಾಶಿಕ ತ್ರ್ಯಂಬಕಗಳ ತೀರ್ಥಪುರೋಹಿತರ ವಹಿಗಳು ಕಸಾರಾ ಘಾಟದ ಆಚೆ, ನಮ್ಮ ಕೈಯಳತೆಯಲ್ಲಿಯೇ ಇವೆ. ಶ್ರಾದ್ಧಕ್ಕೋ ಅಸ್ಥಿವಿಸರ್ಜನೆಗೋ ಹೋದ ಹಿರಿಯರು ತಮ್ಮ ಕೈಯಿಂದಲೇ ಊರು, ಹೆಸರು ಬರೆದಿರುವುದುಂಟು. ಹರಿದ್ವಾರದ ಇಂಥ ವಹಿಗಳನ್ನು ಅಮೆರಿಕದ ಯೂಟಾ ಪ್ರಾಂತದ ವಂಶಾವಳಿ ಸಂಘದವರು ಫಿಲ್ಮಿನ ಮೇಲೆ ಇಳಿಸಿಕೊಂಡಿದ್ದಾರೆ. ಅಲ್ಲಿಯೂ ಕೇಳುವ ಮೊದಲ ಪ್ರಶ್ನೆ ಊರು ಯಾವುದೆಂದೇ.

ವಂಶದ ಹೆಮ್ಮೆ ಬೇಡದವರಿಗೂ ಈ ಶೋಧನೆ ಬೇಕಾಗುತ್ತದೆಂಬುದನ್ನು ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ಮಕ್ಕಳಿಗೆ ಜಾತಿಯ ಪ್ರಮಾಣಪತ್ರ ಬೇಕಾದಾಗ, ಇತರ ಹಿಂದುಳಿದ ವರ್ಗದವರು 1967ನೆಯ ಅಕ್ಟೋಬರ 13ಕ್ಕೆ ಮುಂಚೆ, ಪರಿಶಿಷ್ಟ ಜಾತಿಯವರು 1950ನೆಯ ಅಗಸ್ಟ್ 10ಕ್ಕೆ ಮುಂಚೆ ತಮ್ಮ ಮನೆಯವರು ಈ ರಾಜ್ಯದಲ್ಲಿ ನೆಲೆಸಿದ್ದರೆಂದು ತೋರಿಸಬೇಕಾಗುತ್ತದೆ. ಅಜ್ಜ ಬಂದದ್ದು 1940ರಲ್ಲೇ ಆಗಿರಬಹುದು. ಕಾಗದವಿಲ್ಲದಿದ್ದರೆ ಕಚೇರಿಯ ಮೇಜಿನ ಮುಂದೆ ಅವನು ಬಂದೇ ಇಲ್ಲ. ಗಿರಗಾಂವ, ಮಾಟುಂಗಾ, ಪರೇಲಗಳ ಚಾಳಿನ ಕೋಣೆಯನ್ನು ಬಿಟ್ಟು ಡೊಂಬಿವಲಿಗೋ ವಾಶಿಗೋ ಹೊರಟ ದಿನ, ಹೊಸ ಮನೆಗೆ ಹಳೆಯ ಕಸ ಏಕೆಂದು ಅಟ್ಟದ ತಗಡಿನ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟವರು ನಮ್ಮಲ್ಲಿ ಕಡಿಮೆಯೆ? ಮುಚ್ಚಿಹೋದ ಕನ್ನಡ ಶಾಲೆಗಳ ರಿಜಿಸ್ಟರುಗಳು ಎಲ್ಲಿಗೆ ಹೋದವೆಂಬುದನ್ನು ನಮ್ಮ ಸಂಘಗಳು ಬೆನ್ನು ಹತ್ತಿ ವಿಚಾರಿಸಬೇಕು. ಸಭಾಭವನಕ್ಕೆ ಅಮೃತಶಿಲೆ ಹಾಸುವುದಕ್ಕಿಂತ ಇದು ಅವಸರದ ಕೆಲಸವೆಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಈ ರವಿವಾರವೇ ಅವರ ಹತ್ತಿರ ಕುಳಿತುಕೊಳ್ಳಿರಿ. ವಂಶದ ಹೆಸರನ್ನು ಒಮ್ಮೆಲೆ ಕೇಳಬೇಡಿರಿ, ಗಾಬರಿಯಾಗುತ್ತಾರೆ. ನೀರು ಯಾವ ಬಾವಿಯಿಂದ ತರುತ್ತಿದ್ದಿರಿ, ಯಾವ ಹೊಳೆ ದಾಟುತ್ತಿದ್ದಿರಿ, ಯಾವ ಜಾತ್ರೆಗೆ ಹೋಗುತ್ತಿದ್ದಿರಿ, ಸಂತೆ ಯಾವ ವಾರ, ಚೊಚ್ಚಲ ಹೆರಿಗೆಗೆ ಯಾರ ಮನೆಗೆ ಹೋದಿರಿ ಎಂದು ಕೇಳಿರಿ. ಹೇಳಿದ್ದನ್ನು ಮೊಬೈಲಿನಲ್ಲಿ ಅವರದೇ ಧ್ವನಿಯಲ್ಲಿ ಹಿಡಿದಿಡಿ. ತುಳುವಾದರೆ ತುಳುವಿನಲ್ಲಿ, ಜವಾರಿ ಕನ್ನಡವಾದರೆ ಜವಾರಿ ಕನ್ನಡದಲ್ಲಿ. ಕಲ್ಯಾಣದ ಆ ಮುದುಕಿ ಉಚ್ಚಿಲದ ಕಾಗದವನ್ನು ಕಣ್ಣಾರೆ ಕಂಡು, ಪತ್ರದಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಅದು ಹುಟ್ಟಿದ ವರ್ಷವೇ ತೀರಿಹೋದ ತನ್ನ ತಂಗಿಯದು ಎಂದು ತೋರಿಸಿದರಂತೆ. ನನ್ನ ಸ್ನೇಹಿತರು ಅದನ್ನು ಪೆನ್ಸಿಲಿನಿಂದ ಅಂಚಿನಲ್ಲಿ ಬರೆದುಕೊಂಡಿದ್ದಾರೆ.